ಶಿವಕ್ಕನ ಉಸಿರು

ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಕ್ಕನ ಎದೆಗೆ ಸುತ್ತಿದ ಪಂಚೆ ಸಡಿಲವಾಗಿತ್ತು. ಅದರ ತುದಿಯನ್ನು ಒಬ್ಬಾತ ಕಿಟಕಿಯ ಸರಳಿಗೆ ಮತ್ತೆ ಬಿಗಿಯುತ್ತಿದ್ದಾಗ ಅನಂತಲಕ್ಷ್ಮಿ ಬಾಗಿಲಿಗೆ ಬಂದು ನಿಂತರು. ಕುರುಬರಹಳ್ಳಿಯ ಆ ಒಂದೇ ಕೋಣೆಯ ಮನೆಗೆ ಅವರು ಬಂದದ್ದು ಅದೇ ಮೊದಲು. ಪಾರ್ಕಿನ ಎದುರಿನ ಹೂವಿನವಳಿಂದ ಸಾವಿನ ಸುದ್ದಿ ತಿಳಿದು, ಅವಳನ್ನೇ ದಾರಿ ಕೇಳಿಕೊಂಡು ಬಂದಿದ್ದರು.

ಗಂಟು ಹಾಕುತ್ತಿದ್ದವನು ಚನ್ನವೀರೇಶ್, ಶಿವಕ್ಕನ ತಂಗಿಯ ಮಗ. ಬೆಳಗಿನ ಜಾವ ಶಿವಕ್ಕ ಎದೆನೋವೆಂದು ಮನೆ ಓನರ್ ಬಾಗಿಲು ತಟ್ಟಿದ್ದರಂತೆ. ಆಟೋ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಅಕ್ಕಪಕ್ಕದವರೇ ಕೂರಿಸಿ, ವಿಭೂತಿ ಹಚ್ಚಿದ್ದರು. ದಾವಣಗೆರೆಯಿಂದ ಹೊರಟ ಚನ್ನವೀರೇಶ್ ಗುಂಡಿಯ ಏರ್ಪಾಟನ್ನೆಲ್ಲ ದಾರಿಯಲ್ಲೇ ಫೋನಿನಲ್ಲಿ ಮಾಡಿ, ಈಗಷ್ಟೇ ಬಂದಿಳಿದಿದ್ದ. ಆರು ವರ್ಷದಿಂದ ದೊಡ್ಡಮ್ಮನನ್ನು ನೋಡಿರಲಿಲ್ಲ.

"ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದ.

ಪಾರ್ಕಿನಲ್ಲಿ ಒಟ್ಟಿಗೆ ತಾಯ್ ಚಿ ಮಾಡುತ್ತಿದ್ದೆವು ಎಂದರು ಅನಂತಲಕ್ಷ್ಮಿ. ಅದು ಯೋಗವೇ ಎಂದು ಅವನು ಕೇಳಿದ. ಹಾಗೇ, ಆದರೆ ನಿಂತುಕೊಂಡು, ತುಂಬ ನಿಧಾನವಾಗಿ ಎಂದರು. ಅವನು ತಲೆಯಾಡಿಸಿ, ಟೆಂಪೊದವನ ಜೊತೆ ಮಾತಾಡಲು ಹೊರಗೆ ಹೋದ.

ಒಳಗೆ ಕೂತಿದ್ದ ಹೆಂಗಸರು ಶಿವಕ್ಕನ ಬದುಕನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ನಲವತ್ತು ವರ್ಷ ಊದುಬತ್ತಿ ಹೊಸೆದದ್ದು. ಮಕ್ಕಳಿಲ್ಲ, ಮರಿಯಿಲ್ಲ. ಕೆಂಗೇರಿಗೆ ಮದುವೆ ಮಾಡಿಕೊಟ್ಟಿದ್ದರೂ ಎಂಟೇ ತಿಂಗಳಿಗೆ ವಾಪಸು ಬಂದದ್ದು. ಯಾಕೆ ಎಂದು ಒಬ್ಬಾಕೆ ಕೇಳಿದಾಗ ಇನ್ನೊಬ್ಬಾಕೆ, ಬಾಯಿ ಜೋರಿದ್ದಿರಬೇಕು, ಬಾಳಲಿಲ್ಲ ಎಂದಳು.

ಯಾಕೆಂದು ಅನಂತಲಕ್ಷ್ಮಿಗೆ ಗೊತ್ತಿತ್ತು. ಹೇಳಲು ತಾನು ಯಾರು ಎನಿಸಿತು.

*

ಮೂರು ವರ್ಷದ ಹಿಂದೆ ಶಿವಕ್ಕ ಮೊದಲ ಸಲ ಪಾರ್ಕಿಗೆ ಬಂದಾಗ ನೆಲ ನೋಡುತ್ತಲೇ ಬಂದಿದ್ದರು. ಊದುಬತ್ತಿ ಹೊಸೆಯುವ ಮಣೆಯ ಮುಂದೆ ಕೂತು ಕೂತು ಬಾಗಿದ ಬೆನ್ನು. ಕಲಿಸುತ್ತಿದ್ದವರು ಮಹದೇವ್, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸಾಲಿನಲ್ಲಿ ಶಿವಕ್ಕನ ಹಿಂದೆ ಅನಂತಲಕ್ಷ್ಮಿಯ ಜಾಗ. ಹೀಗಾಗಿ ಅವರಿಗೆ ಶಿವಕ್ಕನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ.

ನೆಟ್ಟಗೆ ನಿಲ್ಲಿ ಎಂದರೆ ಶಿವಕ್ಕ ಭುಜವನ್ನು ಹಿಂದಕ್ಕೆಳೆದು ಎದೆ ಸೆಟೆಸುತ್ತಿದ್ದರು. ಎರಡು ನಿಮಿಷಕ್ಕೆ ತಲೆ ಸುತ್ತಿ ಕಲ್ಲುಬೆಂಚಿಗೆ ಹೋಗಿ ಕೂರುತ್ತಿದ್ದರು.

"ಎಳ್ಕೋಬೇಡಿ ಅಮ್ಮ, ಬಿಟ್ಬಿಡಿ," ಎಂದರು ಮಹದೇವ್. "ಸೊಂಟ ಸಡಿಲ ಮಾಡಿ, ಸ್ಟೂಲ್ ಮೇಲೆ ಕೂತ್ಕೊಳ್ಳೋಕೆ ಹೋಗ್ತಾ ಇದೀರ ಅನ್ಕೊಳ್ಳಿ. ಮಂಡಿ ಸ್ವಲ್ಪ ಮಡಚಿ. ಬೆನ್ನು ತಾನಾಗೇ ಬರುತ್ತೆ."

ತಿಂಗಳುಗಟ್ಟಲೆ ಹಿಡಿಯಿತು, ಆದರೆ ಬೆನ್ನು ಮಾತು ಕೇಳಿತು. ಕೇಳದೆ ಉಳಿದದ್ದು ಉಸಿರು. ಅದನ್ನು ಪತ್ತೆ ಮಾಡಿದವರು ಅನಂತಲಕ್ಷ್ಮಿ. ಕೈ ಮೇಲೇಳುತ್ತಿದ್ದಂತೆ ಮುಂದಿನ ಬೆನ್ನು ಕಲ್ಲಾಗುತ್ತಿತ್ತು; ಕೈ ಇಳಿದ ಮೇಲಷ್ಟೇ ಪಕ್ಕೆ ಅಲುಗುತ್ತಿತ್ತು. ಕೇಳಿದರೆ, ಹೊಸೆಯುವಾಗ ಪುಡಿ ಮೂಗಿಗೆ ಹಾರುತ್ತದಲ್ಲ, ಕೈ ಆಡುವಷ್ಟು ಹೊತ್ತು ಉಸಿರು ಹಿಡಿಯುವುದು ರೂಢಿ ಎಂದರು ಶಿವಕ್ಕ.

ಹಾಗಾದರೆ ಕೈ ಆಡಿಸುತ್ತ ಏನಾದರೂ ಮಾತಾಡಿ, ಮಾತಾಡುವವರು ಉಸಿರು ಹಿಡಿಯಲಾರರು ಎಂದು ಮಹದೇವ್ ಉಪಾಯ ಹೇಳಿದರು.

ಅಂದಿನಿಂದ ಶಿವಕ್ಕ ಮೆಲುದನಿಯಲ್ಲಿ ಮಾತಾಡುತ್ತ ಕೈ ಆಡಿಸಿದರು. ಹಿಂದೆ ನಿಂತವರಿಗೆ ಮಾತ್ರ ಕೇಳುವಷ್ಟು. ನೀರು ಬಾರದ ನಲ್ಲಿ, ಅವ್ವ ಮಾಡುತ್ತಿದ್ದ ಮೆಂತ್ಯದ ಕಡುಬು, ಓನರ್ ಮನೆಯ ಬೆಕ್ಕು. ಗಂಡ ತೀರಿಕೊಂಡ ಮೇಲೆ ಅನಂತಲಕ್ಷ್ಮಿಯ ಜೊತೆ ದಿನದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಅದು ಆ ನಲವತ್ತು ನಿಮಿಷ, ಅದೂ ಬೆನ್ನು ತಿರುಗಿಸಿಕೊಂಡು. ಅಭ್ಯಾಸ ಮುಗಿದರೆ ಮಾತೂ ಮುಗಿಯಿತು. ಶಿವಕ್ಕನನ್ನು ಒಂದು ದಿನ ಕಾಫಿಗೆ ಕರೆಯಬೇಕು ಎಂದುಕೊಳ್ಳುತ್ತಲೇ ಇದ್ದರು.

ಒಂದು ಬೆಳಿಗ್ಗೆ ಎರಡೂ ಅಂಗೈಗಳನ್ನು ಮುಂದಕ್ಕೆ ತಳ್ಳುತ್ತ ಶಿವಕ್ಕ ಹೇಳಿದರು: "ನನ್ ಉಸಿರಿನ ಸದ್ದಿಗೆ ನಿದ್ದೆ ಬರಲ್ಲ ಅಂದ್ಬಿಟ್ಟು ಅವರು ನನ್ನ ತವರಿಗೆ ಕಳಿಸಿದ್ರು. ಆಮೇಲೆ ಸದ್ದಾಗದಂಗೆ ಉಸಿರಾಡೋದು ಕಲ್ತೆ. ಕೇಳೋರು ಯಾರೂ ಇರ್ಲಿಲ್ಲ, ಆದ್ರೂ ಕಲ್ತೆ."

ಅಂಗೈ ಹಿಂದಕ್ಕೆ ಬರುವಾಗ ಮಾತು ನಿಂತಿತ್ತು. ಆ ಮೌನದಲ್ಲಿ ಒಂದು ಉದ್ದನೆಯ ಉಸಿರು, ಗಟ್ಟಿಯಾಗಿ, ಹೊರಬಂತು. ಶಿವಕ್ಕ ಗಾಬರಿಯಾಗಿ ಹಿಂತಿರುಗಿ ನೋಡಿದರು.

"ಕೇಳಿಸ್ತಾ?"

"ಕೇಳಿಸ್ತು," ಎಂದರು ಅನಂತಲಕ್ಷ್ಮಿ. "ಬಿಡಿ ಇನ್ನೊಂದು ಸಲ."

*

ಕಾರುಗಳಲ್ಲಿ ನೆಂಟರೇ ತುಂಬಿದ್ದರು. ಅನಂತಲಕ್ಷ್ಮಿ ಆಟೋ ಹಿಡಿದು ಟೆಂಪೊದ ಹಿಂದೆ ರುದ್ರಭೂಮಿಗೆ ಹೋದರು. ಶಿವಕ್ಕನನ್ನು ಕೂರಿಸಿದ್ದ ಹೂವಿನ ಕುರ್ಚಿಯನ್ನು ಇಳಿಸುವಷ್ಟರಲ್ಲಿ ಅಯ್ನೋರು ಮಂತ್ರ ಶುರುಮಾಡಿದ್ದರು. ಗುಂಡಿಯೊಳಗೆ ಒಂದು ಬದಿಯ ಗೋಡೆಯಲ್ಲಿ ದೇಹವನ್ನು ಕೂರಿಸುವ ಗೂಡು ತೋಡಿ ಮುಗಿದಿತ್ತು. ಗುಂಡಿ ತೋಡುವ ಉಗ್ರಪ್ಪ ಒಮ್ಮೆ ಗೂಡನ್ನು, ಒಮ್ಮೆ ಕುರ್ಚಿಯನ್ನು ನೋಡಿ, ಕೋಲು ತಂದು ಅಳೆದ.

"ಸಾರ್, ತಲೆ ತಗಲುತ್ತೆ. ಬೆನ್ನು ಬಾಗಿರೋ ಅಜ್ಜಿ, ಗಿಡ್ಡಕ್ಕಿದಾರೆ ಅಂತ ಫೋನಲ್ಲಿ ನೀವೇ ಅಂದಿದ್ದು."

ಚನ್ನವೀರೇಶ್ ಕುರ್ಚಿಯಲ್ಲಿದ್ದ ದೊಡ್ಡಮ್ಮನನ್ನು ಆಗ ಮೊದಲ ಬಾರಿಗೆ ಸರಿಯಾಗಿ ನೋಡಿದ. ಬಾಗಿಯೇ ಇದ್ದರಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡ. ತಲೆ ಸ್ವಲ್ಪ ಬಗ್ಗಿಸಿ ಕೂರಿಸಿದರಾಯಿತು, ಹೊತ್ತಾಗುತ್ತಿದೆ ಎಂದು ನೆಂಟರಲ್ಲಿ ಯಾರೋ ಹೇಳಿದರು.

"ಬೇಡ," ಎಂದರು ಅನಂತಲಕ್ಷ್ಮಿ. ಎಲ್ಲರೂ ತಿರುಗಿದರು. "ಅವರು ಬಾಗಿಲ್ಲ. ನೆಟ್ಟಗಾಗೋಕೆ ಎಷ್ಟು ಕಷ್ಟಪಟ್ಟಿದಾರೆ ಅಂತ ನಾನು ನೋಡಿದೀನಿ. ಇನ್ನು ನಾಲ್ಕು ಬೆರಳು ತೆಗೀಲಿ."

ಚನ್ನವೀರೇಶ್, ತೆಗಿ ಎಂದು ಉಗ್ರಪ್ಪನಿಗೆ ಸನ್ನೆ ಮಾಡಿದ.

ಹಾರೆ ಮತ್ತೆ ಕೆಳಗಿಳಿಯಿತು. ನೆಂಟರು ಬೇವಿನ ಮರದ ನೆರಳಿಗೆ ಸರಿದು ಫೋನು ತೆಗೆದರು. ಅಯ್ನೋರೂ ಹೋಗಿ ನೀರು ಕುಡಿದರು. ನಡುಮಧ್ಯಾಹ್ನದ ಬಿಸಿಲಲ್ಲಿ ಅಲ್ಲೇ ಉಳಿದವರು ಇಬ್ಬರೇ. ಅನಂತಲಕ್ಷ್ಮಿ ಚೀಲದಿಂದ ಕೊಡೆ ತೆಗೆದು, ಬಿಚ್ಚಿ, ಕುರ್ಚಿಯ ಮೇಲೆ ಹಿಡಿದು ನಿಂತರು. ಗುಂಡಿಯೊಳಗಿಂದ ಒಂದೊಂದೇ ಬುಟ್ಟಿ ಕೆಂಪುಮಣ್ಣು ಮೇಲೆ ಬರುತ್ತಿತ್ತು. ಶಿವಕ್ಕ ನೆಟ್ಟಗೆ ಕೂತು ಕಾಯುತ್ತಿದ್ದರು.