ಕುರಿಯ ಬಕೆಟ್ಟಿನಲ್ಲಿ ಅದ್ದಿದ ಬೆಕ್ಕು

ಬೆಕ್ಕು ಸಾಕಿದ ಮನೆಗೆ ಚಿಗಟ ಹೊಸದೇನಲ್ಲ. ಕೋಗಳಿಯ ಪಕ್ಕೀರಮ್ಮನ ಬೆಕ್ಕು ಕೆಂಚಿ ಮರಿ ಹಾಕಿತ್ತು. ತಾಯಿಗೂ ಚಿಗಟ, ಮರಿಗಳಿಗೂ ಚಿಗಟ. ಮನೆಯವರಿಗೆಲ್ಲ ಕಾಲು ಕೆರೆದುಕೊಳ್ಳುವುದೇ ಕೆಲಸವಾಯಿತು.

ಗಂಡ ಪಾಲಾಕ್ಷಪ್ಪ ಕುರಿ ಸಾಕುವವನು. ಅಂದು ಉಣ್ಣಿ ಹುಳ ಸಾಯುವ ಔಷಧಿ ನೀರಿಗೆ ಬೆರೆಸಿ ಕುರಿಗಳ ಮೈ ತೊಳೆದಿದ್ದ. ಬಕೆಟ್ಟಿನಲ್ಲಿ ಸ್ವಲ್ಪ ಉಳಿದಿತ್ತು. ಸುಮ್ಮನೆ ಯಾಕೆ ಚೆಲ್ಲುವುದೆಂದು ಕೆಂಚಿಯನ್ನು ಅದರಲ್ಲೇ ಅದ್ದಿ ತೆಗೆದ. ಹೆಂಡತಿ ಬೇಡವೆಂದರೂ ಕೇಳಲಿಲ್ಲ.

“ಕುರಿಗೆ ಆಗಿದ್ದು ಬೆಕ್ಕಿಗೆ ಆಗಂಗಿಲ್ಲೇನು? ಸುಮ್ನಿರಲೇ.”

ಜಾಣತನ ಅಂದರೆ ಇದು ನೋಡಿ.

ಕೆಂಚಿ ಮೂಲೆಗೆ ಹೋಗಿ ಮೈ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯಿತು. ಕಿವಿ ಅದುರಿತು, ಕಾಲು ಅದುರಿತು, ಆಮೇಲೆ ಇಡೀ ಮೈ. ಹಸಿದ ಮರಿಗಳು ಆ ಒದ್ದೆ ಹೊಟ್ಟೆಯ ಕಡೆಗೇ ತೆವಳುತ್ತಿದ್ದವು. ಪಕ್ಕೀರಮ್ಮ ಮರಿಗಳನ್ನು ಸೆರಗಿಗೆ ಹಾಕಿಕೊಂಡು ಪಕ್ಕದ ಮನೆಯ ಜರೀನಾಳನ್ನು ಕೂಗಿದಳು. ಜರೀನಾ ಮಹಿಳಾ ಸಂಘದ ಪಶುಸಖಿ, ಸಾಕುಪ್ರಾಣಿಗಳ ಆರೈಕೆ ಕಲಿತವಳು.

ಬಕೆಟ್ಟು ನೋಡಿದ ಜರೀನಾ ಪಾಲಾಕ್ಷಪ್ಪನ ಕಡೆ ತಿರುಗಿದಳು.

“ಅಣ್ಣಾ, ಕುರಿ ಹಿಂಗ ಮೈ ನೆಕ್ಕಂಗಿಲ್ಲ, ಬೆಕ್ಕು ನೆಕ್ಕತೈತಿ. ಬೆಕ್ಕಿಗೆ ಈ ಔಷಧಿ ಅರಗಂಗಿಲ್ರಿ, ವಿಷ ಆಗತೈತಿ.”

ಪಾಲಾಕ್ಷಪ್ಪ ಗಾಬರಿಯಲ್ಲಿ ಹಾಲು ಕುಡಿಸಲು ಹೋದ. ಅದುರುವ ಬಾಯಿಗೆ ಏನು ಹಾಕಿದರೂ ಉಸಿರು ಕಟ್ಟುತ್ತದೆ ಎಂದು ಜರೀನಾ ತಡೆದಳು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಕೆಂಚಿಯ ಮೈ ತೊಳೆದು, ಒಣ ಬಟ್ಟೆಯಲ್ಲಿ ಸುತ್ತಿದಳು. ಮರಿಗಳನ್ನು ತನ್ನ ಬಳಿ ಇಟ್ಟುಕೊಂಡು, ಡಾಕ್ಟರಿಗೆ ತೋರಿಸಲು ಔಷಧಿಯ ಬಾಟಲಿಯನ್ನೂ ಜೊತೆಗೆ ಕೊಟ್ಟು ಗಂಡ ಹೆಂಡತಿಯನ್ನು ಕಳಿಸಿದಳು. ಬೈಕಿನಲ್ಲಿ ಹಗರಿಬೊಮ್ಮನಹಳ್ಳಿಯ ಪಶು ಆಸ್ಪತ್ರೆಗೆ ಹೋಗುವಾಗ ಕೆಂಚಿ ಪಕ್ಕೀರಮ್ಮನ ಮಡಿಲಲ್ಲಿ ನಡುಗುತ್ತಲೇ ಇತ್ತು. ನಡುಕ ಒಮ್ಮೆ ನಿಂತರೆ ಜೀವವೇ ಹೋಯಿತೇನೋ ಎಂದು ಅವಳು ಅದಕ್ಕೂ ಹೆದರುತ್ತಿದ್ದಳು.

ಡಾಕ್ಟರು ಚಿಕಿತ್ಸೆ ಕೊಟ್ಟರು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಬೆಕ್ಕಿಗೆಂದೇ ಇರುವ ಚಿಗಟದ ಔಷಧಿಯನ್ನು ತೂಕ ನೋಡಿ ಹಾಕಬೇಕು, ನಾಯಿಯದ್ದೂ ಆಗದು ಎಂದು ತಿಳಿಸಿದರು. ಎಳೆಯ ಮರಿಗಳಿಗೆ ಸದ್ಯ ಹೇನಿನ ಬಾಚಣಿಗೆಯೇ ಸಾಕು, ಸಿಕ್ಕ ಚಿಗಟ ಸೋಪಿನ ನೀರಿಗೆ. ಮಲಗುವ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಮೂಲೆ ಮೂಲೆ ಗುಡಿಸಬೇಕು.

ಕೆಂಚಿ ಬದುಕಿ ಮನೆಗೆ ಬಂತು. ಆದರೆ ಪಾಲಾಕ್ಷಪ್ಪನ ದನಿ ಕೇಳಿದರೆ ಈಗಲೂ ಮಂಚದ ಕೆಳಗೆ ಸೇರುತ್ತದೆ. ಅವನು ಮಡಿಲಲ್ಲಿ ಮರಿ ಇಟ್ಟುಕೊಂಡು ಬಾಚುತ್ತ, “ಬಾರವ್ವಾ, ಬಕೆಟ್ ಇಲ್ಲ ನೋಡು” ಎಂದು ಕರೆಯುತ್ತಾನೆ. ಅದು ಬರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕುರಿಯದು ಕುರಿಗೆ, ನಾಯಿಯದು ನಾಯಿಗೆ ಇರಲಿ. ಬೆಕ್ಕಿನ ಮೈಗೆ ಏನೇ ಹಾಕುವ ಮೊದಲು ಪಶುವೈದ್ಯರನ್ನು ಕೇಳಿ. ಬೇಡ ಎನ್ನಲು ಅದಕ್ಕೆ ಬಾಯಿಲ್ಲ, ಕೇಳಲು ನಿಮಗಿದೆ.