ಮೂರನೇ ವರ್ಷದ ಓಕ್ ಗಿಡ

"ಕಟ್ಟು ಬಿಚ್ಚು, ನೋಡೋಣ" ಅಂದ ನೆರೆಮನೆಯ ಕೊಲಾಸಜ್ಜ.

ತೆಲ್ವಾ ಒಂದೊಂದೇ ಗಂಟು ಬಿಚ್ಚಿದಳು. ಕೊನೆಯ ಗಂಟು ಸಡಿಲವಾದದ್ದೇ ತಡ, ಆಳೆತ್ತರದ ಓಕ್ ಗಿಡ ಗಳದಿಂದ ಜಾರಿ, ಸಂತೆಯಲ್ಲಿ ಕುಡಿದು ಬಂದವನ ಹಾಗೆ ಬಳುಕಿ, ತುದಿಯನ್ನು ಹುಲ್ಲಿಗೆ ತಾಗಿಸಿ ಒರಗಿಬಿಟ್ಟಿತು. ಅವಳು ಎರಡು ಸಲ ಎತ್ತಿ ನಿಲ್ಲಿಸಿದಳು. ಎರಡು ಸಲವೂ ಮಲಗಿತು.

"ಇದು ಮರ ಅಲ್ಲ ಮಗಳೇ. ಮೂರು ವರ್ಷ ಕೂತು ಬೀನ್ಸ್ ಬಳ್ಳಿ ಬೆಳೆಸಿದ್ದೀಯ."

ಅಜ್ಜನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ನಾಟಿತು.

ಅಸ್ತೂರಿಯಸ್ ಎಂಬ ಗುಡ್ಡನಾಡಿನ ಆ ಹಳ್ಳಿಯಲ್ಲಿ ಗುಡ್ಡ ಊರಿನದು, ಮರ ನೆಟ್ಟವರದು. ನೆಟ್ಟ ಮೂರನೇ ವರ್ಷ, ಮೇ ತಿಂಗಳ ಮೊದಲ ಭಾನುವಾರ, ಪೂಜೆ ಮುಗಿಸಿ ಹಿರಿಯರು ಗುಡ್ಡ ಹತ್ತಿ ಬಂದು ನೋಡುತ್ತಾರೆ. ಗಿಡ ಜೀವ ಹಿಡಿದಿದ್ದರೆ, ಅದು ಬದುಕಿರುವಷ್ಟು ಕಾಲ ಅದರ ನೆರಳಿನ ನೆಲ ಆ ಮನೆಯದು. ಇಗರ್ಜಿಯ ಜಗಲಿಯ ಸಭೆಯಲ್ಲಿ ಆ ಮನೆಗೊಂದು ಮಾತು, ಕಾಡಿನ ಸೌದೆಯಲ್ಲೊಂದು ಪಾಲು, ಹಸುವಿಗೆ ಮೇವು. ಗಿಡ ಸತ್ತಿದ್ದರೆ, ಎಂದಾದರೂ ಸತ್ತರೆ, ಎಲ್ಲವೂ ಹೋಯಿತು. ಜಾಗ ಮುಂದೆ ಕೇಳಿದವರ ಪಾಲು.

ಮುಂದೆ ಕೇಳಿದವನು ಮೈದುನ ಮಿಂಗೊ. ಅವನಿಗೆ ಅಲ್ಲಿ ಚೆಸ್ಟ್‌ನಟ್ ನೆಡಬೇಕಿತ್ತು. ಓಕ್ ಬೀಜ ಊರಿದ್ದವನು ಅವಳ ಗಂಡ ಗಾಸ್ಪರ್. ಊರಿದ ಚಳಿಗಾಲದಲ್ಲೇ ಎದೆಜ್ವರ ಬಂದು ತೀರಿಕೊಂಡ. ಈ ಗಿಡವೂ ಹೋದರೆ ತೆಲ್ವಾ ಊರಿನವಳಲ್ಲ, ಊರಿಗೆ ಬಂದವಳು ಅಷ್ಟೆ.

ಅವಳ ತವರು ಕಣಿವೆಯ ಕೆಳಗೆ, ಬಳ್ಳಿ ಬೀನ್ಸ್‌ನ ನಾಡು. ಅಲ್ಲಿ ಬೀನ್ಸ್ ಎಂದರೆ ತೊಟ್ಟಿಲ ಕೂಸು. ದಿನಾ ನೀರು, ವಾರಕ್ಕೊಮ್ಮೆ ಗೊಬ್ಬರ, ಗೇಣಿಗೊಂದು ಗಂಟು. ಬೀಜ ಬಿಡಿಸುತ್ತಾ ಅವಳಜ್ಜಿ ರಾಗವಾಗಿ ಹೇಳುತ್ತಿದ್ದಳು: ಅವಸರದ ಬಳ್ಳಿಗೆ ಆಳು ನೀನಾಗು. ಅವಳು ಓಕ್‌ಗೂ ಆಳಾದಳು. ಹೊಳೆಯಿಂದ ನೀರು ಹೊತ್ತಳು, ಕೊಟ್ಟಿಗೆಯ ಗೊಬ್ಬರ ಹಾಕಿದಳು, ಗಾಳಿ ಬಂದಾಗಲೆಲ್ಲ ಇನ್ನೊಂದು ಗಂಟು ಬಿಗಿದಳು. ಎಲೆ ಅಂಗೈಯಗಲ ಬಂತು. ಕಾಂಡ ಮಾತ್ರ ಕಿರುಬೆರಳಿನ ದಪ್ಪ.

"ಗಾಳಿ ಅಲ್ಲಾಡಿಸಿದರೆ ತಾನೇ ಕಾಂಡಕ್ಕೆ ಕಸುವು" ಅಂದ ಅಜ್ಜ. "ಮತ್ತೆ ಕಟ್ಟಿ ನಿಲ್ಲಿಸು, ಮೇ ತಿಂಗಳಲ್ಲಿ ಗೆಲ್ತೀಯ. ಹಿಮ ಬಿದ್ದ ಮೊದಲನೇ ರಾತ್ರಿ ಮುರಿಯುತ್ತೆ."

"ಇಲ್ಲಾಂದ್ರೆ?"

"ಬುಡಕ್ಕೆ ಕಡಿ. ಬೀನ್ಸ್ ಕಡಿದರೆ ಅಲ್ಲಿಗೆ ಮುಗೀತು. ಓಕ್ ಹಾಗಲ್ಲ, ಬೇರು ಗಟ್ಟಿ ಇದ್ದರೆ ನೆಟ್ಟಗೆ ಹೊಸದು ಕಳಿಸುತ್ತೆ."

"ಯಾವಾಗ?"

"ಅದು ಹೇಳಿ ಕಳಿಸಲ್ಲ."

"ಇನ್ನು ಎಂಟು ವಾರಕ್ಕೆ ಅವರು ಬರ್ತಾರೆ ಅಜ್ಜ."

ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವಸರದ ಬಳ್ಳಿಗೆ ಆಳಾಗು ಅನ್ನೋ ಪದಾನ ನಿಮ್ಮ ಕಡೆ ಅರ್ಧಕ್ಕೇ ನಿಲ್ಲಿಸ್ತೀರಿ. ಉಳಿದರ್ಧ ಇಲ್ಲಿ ಮೇಲಿದೆ. ನಿಧಾನದ ಮರಕೆ ನೆರೆಯವಳಾಗು."

ತೆಲ್ವಾ ಶಿಲುಬೆಯ ಗುರುತು ಮಾಡಿಕೊಂಡಳು. ಗಾಸ್ಪರನ ಮಚ್ಚು ಎತ್ತಿ, ನೆಲದಿಂದ ಎರಡು ಬೆರಳು ಮೇಲೆ, ಒಂದೇ ಏಟಿಗೆ ಓರೆಯಾಗಿ ಕಡಿದಳು. ದನ ತುಳಿಯದಂತೆ ಸುತ್ತ ಮುಳ್ಳು ಹೊದಿಸಿದಳು.

ಮೇ ತಿಂಗಳ ಆ ಭಾನುವಾರ ಬಂದಾಗಲೂ ಗುಡ್ಡದ ಮೇಲೆ ಚಳಿ ಬಿಟ್ಟಿರಲಿಲ್ಲ. ಊರ ಯಜಮಾನ ಫ್ಲೋರೊ, ಇಬ್ಬರು ಹಿರಿಯರು, ಹಿಂದೆ ಗುದ್ದಲಿ ಹೊತ್ತ ಮಿಂಗೊ. ಮರದ ಮೆಟ್ಟುಗಳು ಕಲ್ಲಿನ ಮೇಲೆ ಟಕಟಕ ಎನ್ನುತ್ತಾ ಹತ್ತಿ ಬಂದವು. ಮುಳ್ಳು ಸರಿಸಿ ನೋಡಿದರೆ ಒಂದು ಒಣ ಮೋಟು.

"ಅತ್ತಿಗೆ, ಮರ ಎಲ್ಲಿ? ಜೇಬಲ್ಲಿ ಇಟ್ಕೊಂಡಿದ್ದೀರಾ?" ಅಂದ ಮಿಂಗೊ. ಹಿರಿಯರಲ್ಲೊಬ್ಬ ನಕ್ಕ.

"ನೆಲದೊಳಗಿದೆ" ಅಂದಳು ತೆಲ್ವಾ.

"ಹಂಗಾದ್ರೆ ಅಗೆದೇ ನೋಡೋಣ. ಬೇರು ಬಿಳಿ ಇದ್ರೆ ಜೀವ, ಕಪ್ಪಾಗಿದ್ರೆ ನನ್ನ ಚೆಸ್ಟ್‌ನಟ್." ಅವನು ಗುದ್ದಲಿ ಇಳಿಸಿದ.

ಅವಳು ಮೋಟಿಗೂ ಗುದ್ದಲಿಗೂ ನಡುವೆ ನಿಂತಳು. "ಅಗೆದರೆ ಇರೋ ಜೀವಾನೂ ಹೋಗುತ್ತೆ. ಜಾಗ ಬೇಕಾದ್ರೆ ತಗೊಳ್ಳಿ. ಬೇರು ಮುಟ್ಟಬೇಡಿ."

"ಜಾಗ ನಂದಾದ ಮೇಲೆ ಬೇರೂ ನಂದೇ ಅಲ್ವಾ ಅತ್ತಿಗೆ?"

ಫ್ಲೋರೊ ಬಗ್ಗಿ ಮೋಟನ್ನು ಬೆರಳಿನಿಂದ ಒತ್ತಿ ನೋಡಿದ. ತುಂಬ ಹೊತ್ತು ನೋಡಿದ.

"ಸಂತ ಯೋಹಾನರ ಹಬ್ಬದವರೆಗೆ ಕಾಯೋಣ. ಅಷ್ಟರಲ್ಲಿ ಚಿಗುರದ ಓಕ್ ಇನ್ನು ಚಿಗುರಲ್ಲ. ಅಲ್ಲಿ ತನಕ ಯಾರೂ ಮುಳ್ಳು ದಾಟಕೂಡದು. ನೀನೂ ಅಷ್ಟೆ ತಾಯಿ. ನೀರಿಲ್ಲ, ಗೊಬ್ಬರ ಇಲ್ಲ, ಇಣುಕೋದೂ ಇಲ್ಲ."

ಏಳು ವಾರ. ಕೆಳಗಿನ ಹೊಲದಲ್ಲಿ ಬಿತ್ತಿದ ಬೀನ್ಸ್ ಎಂಟನೇ ದಿನ ಮಣ್ಣು ಸೀಳಿ ಕತ್ತು ಎತ್ತಿತು. ಇಪ್ಪತ್ತನೇ ದಿನ ಗಳ ಹುಡುಕಿ ಸುತ್ತತೊಡಗಿತು. ಒಂದು ದಿನ ನೀರು ತಪ್ಪಿದರೆ ಎಲೆ ಜೋಲುಬಿಟ್ಟು ಮುನಿಯುತ್ತಿತ್ತು, ಕೊಟ್ಟರೆ ಸಂಜೆಗೆ ಗೇಣು ಏರುತ್ತಿತ್ತು. ಅದು ಕೇಳಿದ್ದನ್ನೆಲ್ಲ ಅವಳು ಕೊಟ್ಟಳು. ತಲೆ ಎತ್ತಿದರೆ ಗುಡ್ಡ ಕಾಣುತ್ತಿತ್ತು, ಅದು ಏನನ್ನೂ ಕೇಳುತ್ತಿರಲಿಲ್ಲ. ಸಂಜೆ ಜಪಸರ ಎಣಿಸುವಾಗಲೂ ಮನಸ್ಸು ಮುಳ್ಳಿನೊಳಗೇ. ಜೂನ್ ತಿಂಗಳ ಒಂದು ಬಿಸಿಲ ದಿನ ತಡೆಯಲಾರದೆ ಬಕೆಟ್ ತುಂಬಿಕೊಂಡು ಅರ್ಧ ಗುಡ್ಡ ಹತ್ತಿದಳು. ನಿಂತಳು. ತೋಳು ಸೋಲುವವರೆಗೆ ನಿಂತಿದ್ದು, ಇಳಿದು ಬಂದು ಆ ನೀರನ್ನೂ ಬೀನ್ಸ್‌ಗೇ ಸುರಿದಳು.

ಹಬ್ಬದ ಬೆಳಿಗ್ಗೆ ಮಿಂಗೊ ಎಲ್ಲರಿಗಿಂತ ಮುಂದೆ ಹತ್ತಿದ. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ಚೆಸ್ಟ್‌ನಟ್ ಸಸಿ. ಫ್ಲೋರೊ ಬಹಳ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ. ತೆಲ್ವಾ ಇಬ್ಬರ ನಡುವೆ ಇದ್ದಳು.

ಅವಳು ತಿರುವು ದಾಟಿದಾಗ ಮಿಂಗೊ ಆಗಲೇ ಮುಳ್ಳು ಸರಿಸಿ ಒಳಗೆ ನಿಂತಿದ್ದ. ಅವನ ಬೆನ್ನು ಇತ್ತ ಇತ್ತು, ಒಂದು ಕಾಲು ಮೇಲೆತ್ತಿತ್ತು. ಮರದ ಮೆಟ್ಟಿನಡಿ, ಹುಲ್ಲಿನ ಸಂದಿನಲ್ಲಿ, ಇಲಿಕಿವಿಯಷ್ಟು ಎರಡು ಎಲೆ. ಕೆಂಪಗೆ, ಹಸಿ ಗಾಯದ ಹಾಗೆ.

ಅವನೂ ನೋಡಿದ್ದ. ಇಲ್ಲದಿದ್ದರೆ ಕಾಲು ಅಲ್ಲಿ ತಡೆದು ನಿಲ್ಲುತ್ತಿರಲಿಲ್ಲ.

ಕೂಗಿದರೆ ಕಾಲು ಊರಿಯೇಬಿಟ್ಟಾನೆಂದು ತೆಲ್ವಾ ಇದ್ದಲ್ಲೇ ನಿಂತಳು. ಒಂದು ಸಲ ಊರಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಕೆಳಗಿನಿಂದ ಫ್ಲೋರೊನ ಕೆಮ್ಮು ಕೇಳಿಸಿತು, ಹತ್ತಿರವಾಯಿತು.

ಮಿಂಗೊ ಮೆಲ್ಲಗೆ ಕಾಲನ್ನು ಹಿಂದಕ್ಕೆ ಇಟ್ಟ.

"ಫ್ಲೋರೊ ಮಾವ, ಬಲಗಡೆಯಿಂದ ಬನ್ನಿ. ಈ ಕಡೆ ಕಾಲಿಡಬೇಡಿ." ಆಮೇಲೆ ತಿರುಗಿ ಅವಳನ್ನು ಕಂಡು ಮುಖ ಗಂಟಿಕ್ಕಿದ. "ನೆಟ್ಟೋನ ಹಾಗೇ ಮೊಂಡು ಇದು. ಅಣ್ಣನೂ ಹೀಗೇ, ಎಲ್ಲರೂ ಕೈಬಿಟ್ಟ ಮೇಲೆ ಏಳ್ತಿದ್ದ."

ಫ್ಲೋರೊ ಬಂದು ಬಗ್ಗಿ ನೋಡಿ, ಟೋಪಿ ತೆಗೆದ. "ಇದೆ" ಅಂದ. ಅಷ್ಟೇ ತೀರ್ಪು.

ಮಿಂಗೊ ಸಸಿಯನ್ನು ಬಗಲಿಗೆ ಸೇರಿಸಿ ಗುಡ್ಡ ಇಳಿಯತೊಡಗಿದ. ನಾಲ್ಕು ಹೆಜ್ಜೆ ಹೋಗಿ ನಿಂತ. "ಅತ್ತಿಗೆ, ಇದಕ್ಕೂ ಗಳ ಕಟ್ಟೀರ ಮತ್ತೆ."

ಕಣಿವೆಯಿಂದ ಗಾಳಿ ಎದ್ದು ಆ ಎರಡು ಎಲೆಗಳನ್ನು ಅಲ್ಲಾಡಿಸಿತು. ತೆಲ್ವಾಳ ಕೈ ತಾನಾಗಿ ಮಡಿಲ ಜೇಬಿಗೆ ಹೋಗಿ ಹುರಿಯ ಉಂಡೆಯನ್ನು ಹಿಡಿದುಕೊಂಡಿತು.

"ಇಲ್ಲ" ಅಂದಳು. ಮುಳ್ಳನ್ನು ಮತ್ತೆ ಮುಚ್ಚಿ, ಹುರಿ ಹಿಡಿದ ಕೈಯನ್ನು ಜೇಬಿನಿಂದ ತೆಗೆಯದೆ, ಬೀನ್ಸ್ ಹೊಲದ ಕಡೆ ಇಳಿದಳು.