ಗೊಂಬೆಯ ಮೈಮೇಲಿನ ಕೋಟು

ಚಿಕ್ಕಮ್ಮನ ಕೋಟಿನ ಮೇಲಿನ ಗುಂಡಿ ಕಾಜದೊಳಗೆ ಹೋಗುತ್ತಲೇ ಇರಲಿಲ್ಲ. ಶವಪೆಟ್ಟಿಗೆಯ ಮೇಲೆ ಬಾಗಿ ಅವಳ ಅಕ್ಕನ ಮಗಳು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದಳು.

"ಸರಿ, ನಾನು ಹಾಕ್ತೀನಿ" ಎಂದು ಹೊಲಿಗೆ ಅಂಗಡಿಯ ಜೊತೆಗಾತಿ ಮುಂದೆ ಬಂದಳು. ಚಿಕ್ಕಮ್ಮನ ಪಕ್ಕದ ಮಿಷನ್ನಿನಲ್ಲೇ ಕೂತು ಜೀವ ತೇಯ್ದವಳು. ಅವಳ ಬೆರಳುಗಳೂ ಚಿಕ್ಕಮ್ಮನವಂತೆ ಸೊಟ್ಟಗಾಗಿದ್ದವು. ಗುಂಡಿ ಎರಡು ಸಲ ಜಾರಿ, ಕೊನೆಗೆ ಕೂತಿತು.

"ನೋಡಿದ್ಯಾ, ಗುಂಡಿ ಹಾಕೋಕೂ ಲಾಯಕ್ಕಿಲ್ಲ ಈ ಕೈ. ನಾಳೆಯಿಂದ ನಾನು ಅಂಗಡಿಗೆ ಹೋಗಲ್ಲ. ತಂಗಿ ನಂಗೊಂದು ರೂಮು ಖಾಲಿ ಮಾಡಿಸಿಟ್ಟಿದ್ದಾಳೆ. ಇವತ್ತೇ ಕರ್ಕೊಂಡು ಹೋಗ್ತಾಳಂತೆ."

"ಹೋಗಿ ಅತ್ತೆ. ದುಡಿದಿದ್ದು ಸಾಕು."

ಬಾಯಿಮಾತಿಗೆ ಅತ್ತೆ ಅಷ್ಟೇ. ಆದರೂ ಇವಳಾದರೂ ಬಿಡಿಸಿಕೊಳ್ಳಲಿ ಎಂದು ಅಕ್ಕನ ಮಗಳು ಮನಸಾರೆ ಬಯಸಿದಳು. ಚಿಕ್ಕಮ್ಮನಿಗಂತೂ ಅದು ಆಗಲೇ ಇಲ್ಲ.

"ಸಂಬಳ ಅಷ್ಟಕ್ಕಷ್ಟೆ," ಎಂದಳು ಜೊತೆಗಾತಿ, ಕೋಟಿನ ಕಾಲರು ಸರಿಮಾಡುತ್ತ. "ಆ ಗೊಂಬೆ ತೋರಿಸಿ ಮಾಸ್ಟರ್ ಮೂಗಿಗೆ ತುಪ್ಪ ಸವರಿದ್ರು. ನಾವೂ ಮೂಸ್ತಾ ಕೂತ್ವಿ."

*

ಅಂಗಡಿಯ ಮುಂಭಾಗದಲ್ಲಿ, ಗಾಜಿನ ಹಿಂದೆ, ತಲೆಯಿಲ್ಲದ ಗೊಂಬೆಯೊಂದು ನಿಂತಿತ್ತು. ಅಂಗಡಿಯ ಯಜಮಾನರಾದ ಮಾಸ್ಟರ್ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿಯವರು. ಹೊಲಿಗೆ ಸರಿಯಿಲ್ಲದಿದ್ದರೆ ಬ್ಲೇಡಿನಿಂದ ಬಿಚ್ಚಿ ವಾಪಸ್ಸು ಎಸೆಯುತ್ತಿದ್ದರು, ಸರಿಯಿದ್ದರೆ ಸುಮ್ಮನಿರುತ್ತಿದ್ದರು. ಆದರೆ ಒಮ್ಮೊಮ್ಮೆ, ಯಾರೂ ನೆನೆಸದ ದಿನ, ಒಂದು ಕೋಟನ್ನು ತಾವೇ ಒಯ್ದು ಗೊಂಬೆಗೆ ತೊಡಿಸುತ್ತಿದ್ದರು. ಎಲ್ಲಕ್ಕಿಂತ ಚೆಂದದ ಕೆಲಸಕ್ಕೆ ಆ ಮರ್ಯಾದೆ ಎಂದು ಹೊಲಿಯುವ ಹೆಂಗಸರೇ ತಿಳಿದುಕೊಂಡಿದ್ದರು. ಮಾಸ್ಟರನ್ನು ಯಾರೂ ಕೇಳಿರಲಿಲ್ಲ.

ಚಿಕ್ಕಮ್ಮ ಮನೆಗೂ ಕೆಲಸ ತರುತ್ತಿದ್ದಳು. ತಾಯಿಯಿಲ್ಲದೆ ಅವಳ ಬಳಿ ಬೆಳೆಯುತ್ತಿದ್ದ ಹುಡುಗಿಗೆ ಗೊತ್ತಿದ್ದದ್ದು ಮಿಷನ್ನಿಗೆ ಬಾಗಿದ ಅವಳ ಬೆನ್ನು ಮಾತ್ರ.

"ಚಿಕ್ಕಮ್ಮಾ, ಚಿತ್ರ ಬರ್ದೆ, ನೋಡು."

"ಹ್ಞೂಂ, ಇಡು ಅಲ್ಲಿ."

ತಿಂಗಳುಗಟ್ಟಲೆ ಗೊಂಬೆ ಬೇರೆಯವರು ಹೊಲಿದದ್ದನ್ನೇ ತೊಟ್ಟಿರುತ್ತಿತ್ತು. ಈ ಕೆಲಸವೇ ಬೇಡ ಎಂದು ಚಿಕ್ಕಮ್ಮ ನಿಟ್ಟುಸಿರು ಬಿಡುವ ಹೊತ್ತಿಗೆ ಅವಳದೊಂದು ಗಾಜಿನ ಹಿಂದೆ ಬರುತ್ತಿತ್ತು. ಆ ಸಂಜೆ ಹುಡುಗಿಯ ಕೈ ಹಿಡಿದು ಅಂಗಡಿಯ ಬೀದಿಗೆ ಕರೆತಂದು, "ಭುಜ ನೋಡೇ, ಒಂದು ಸುಕ್ಕು ಇದ್ಯಾ?" ಎನ್ನುತ್ತಿದ್ದಳು. ಹುಡುಗಿ ಭುಜ ನೋಡುತ್ತಿರಲಿಲ್ಲ. ಎಲ್ಲಿ ಕೈ ಬಿಟ್ಟುಬಿಡುತ್ತಾಳೋ ಎಂದು ಅಲುಗಾಡದೆ ನಿಂತಿರುತ್ತಿದ್ದಳು. ಮಾರನೆಯ ದಿನದಿಂದ ಮತ್ತೆ ಬೆನ್ನು.

*

ಮಣ್ಣು ಮುಚ್ಚಿದ ಮೇಲೆ ಬಂದಿದ್ದ ನಾಲ್ಕು ಜನವೂ ಚದುರಿದರು. ಕೋಲೂರಿಕೊಂಡು ಕೊನೆಗೆ ಹೊರಟ ಮಾಸ್ಟರನ್ನು ಅಕ್ಕನ ಮಗಳು ಗೇಟಿನ ಹತ್ತಿರ ತಡೆದಳು.

"ಗೊಂಬೆಗೆ ಯಾವ ಕೋಟು ಹಾಕ್ಬೇಕು ಅಂತ ಹೇಗೆ ಆರಿಸ್ತಿದ್ರಿ?"

"ಆರಿಸೋದೇನಮ್ಮ? ಗಿರಾಕಿಗಳು ಹೇಳಿದ ದಿನಕ್ಕೆ ಬರ್ತಿರ್ಲಿಲ್ಲ. ಬೀರು ತುಂಬಿರೋದು. ಗೊಂಬೆ ಹೇಗೂ ನಿಂತಿರತ್ತಲ್ಲ, ಅದಕ್ಕೆ ಹಾಕಿಡ್ತಿದ್ದೆ. ಈಗ್ಲೂ ಅಷ್ಟೇ."

"ಚಿಕ್ಕಮ್ಮಂದು ಚೆನ್ನಾಗಿರ್ತಿತ್ತು ಅಂತ ಅಲ್ವಾ?"

"ಚೆನ್ನಾಗೇ ಇರ್ತಿತ್ತು. ಎಲ್ಲಾರ್ದೂ ಚೆನ್ನಾಗೇ ಇರ್ತಿತ್ತು. ಯಾಕಮ್ಮ?"

ಅವರಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಆದರೆ ಬೈಯಬೇಕೆಂದರೆ ಎದುರಿಗಿದ್ದವರು ಬರೀ ಒಬ್ಬ ಮುದುಕರು. "ಏನಿಲ್ಲ" ಎಂದಳು.

ಜೊತೆಗಾತಿಯ ತಂಗಿಯ ಕಾರು ರಸ್ತೆಯಲ್ಲಿ ಕಾಯುತ್ತಿತ್ತು. ಜೊತೆಗಾತಿ ಅದರ ಬಾಗಿಲು ತೆಗೆದವಳು ಹತ್ತದೆ ವಾಪಸ್ಸು ಬಂದಳು.

"ಮಾಸ್ಟರ್ ಏನಂದ್ರು?"

"ಸುಮ್ನೆ, ಚಿಕ್ಕಮ್ಮನ ವಿಷಯ."

"ನನ್ನ ವಿಷಯ ಏನಾದ್ರೂ..." ಅವಳು ಮುಖ ಆಚೆ ತಿರುಗಿಸಿದಳು. "ಈಗ ಗೊಂಬೆ ಮೇಲಿರೋದು ನಂದೇ ಕಣೆ. ಅದಕ್ಕೆ ಕೇಳ್ದೆ."

ನಿಜ ನಾಲಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಇವಳು ಕಾರು ಹತ್ತುತ್ತಾಳೆ ಎಂದು ಅಕ್ಕನ ಮಗಳಿಗೆ ಗೊತ್ತಿತ್ತು. ಆದರೆ ಒಬ್ಬಳನ್ನು ಮಣ್ಣಿಗಿಟ್ಟ ದಿನವೇ ಇನ್ನೊಬ್ಬಳ ಮುಖ ನೋಡಿಕೊಂಡು ಆ ಮಾತು ಆಡಲು ಅವಳಿಂದಾಗಲಿಲ್ಲ.

"ಹೇಳಿದ್ರು. ನಿಮ್ಮಂಥ ಕೈ ಬೇರೆ ಯಾರಿಗೂ ಬರಲ್ಲ ಅಂದ್ರು."

"ಆ ಬಾಯಿಂದಾನೇ?"

"ಹ್ಞೂಂ."

ಜೊತೆಗಾತಿ ಕಾರಿನ ಕಿಟಕಿಗೆ ಬಾಗಿ ಏನೋ ಹೇಳಿದಳು. ತಂಗಿ ರೇಗಿದಳು. ಆಮೇಲೆ ಹಿಂದಿನ ಸೀಟಿನಿಂದ ಬ್ಯಾಗು ಇಳಿಸಿಕೊಟ್ಟು ಒಬ್ಬಳೇ ಹೊರಟುಹೋದಳು.

"ಅತ್ತೆ, ಕೈ ಆಗಲ್ಲ ಅಂದ್ರಲ್ಲ."

"ಚಳಿಗೆ ಹಾಗಾಗತ್ತೆ ಬಿಡು."

ರಸ್ತೆ ದಾಟಿ, ಎದುರಿನ ಬಸ್ ನಿಲ್ದಾಣದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಳು. ಬಸ್ಸು ಬರುವವರೆಗೂ ತಾನು ತೊಟ್ಟ ಬಟ್ಟೆಯ ತೋಳಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದಳು.